ನಾಲಿಗೆಯ ಅಡಿಯ ಮಾತ್ರೆಯನ್ನು ಕುಳಿತೇ ಏಕೆ ತೆಗೆದುಕೊಳ್ಳಬೇಕು?



ನಿಮ್ಮಲ್ಲಿ ಕೆಲವರಿಗಾದರೂ ಈ ದೃಶ್ಯ ಹೊಸದಲ್ಲ. ಅಜ್ಜ ಸಂತೆಗೆ ಹೋಗಿ ಕೈಚೀಲ ಹಿಡಿದು ಬರುತ್ತಿದ್ದಾರೆ. ಮನೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ನಿಂತು ಎದೆಯ ನಡುವೆ ಅಂಗೈ ಒತ್ತಿಕೊಳ್ಳುತ್ತಾರೆ. ಜೇಬಿನಿಂದ ಒಂದು ಪುಟ್ಟ ಮಾತ್ರೆ ತೆಗೆದು ನಾಲಿಗೆಯ ಕೆಳಗೆ ಇಟ್ಟುಕೊಳ್ಳುತ್ತಾರೆ. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಮುಖದ ಬಿಗಿ ಸಡಿಲವಾಗುತ್ತದೆ. "ಏನಿಲ್ಲ ಮಗು, ಗ್ಯಾಸು" ಎಂದು ಒಳಗೆ ಹೋಗುತ್ತಾರೆ.

ಅದು ಗ್ಯಾಸಲ್ಲ ಎಂಬುದು ಅಜ್ಜನಿಗೂ ಗೊತ್ತು, ನಿಮಗೂ ಗೊತ್ತು. ಆದರೆ ಆ ಮಾತ್ರೆ ಏನು ಮಾಡಿತು, ಏನು ಮಾಡಲಿಲ್ಲ, ಮುಂದಿನ ಸಲ ಏನು ಮಾಡಿಬಿಡಬಹುದು ಎಂಬುದು ಬಹಳ ಮನೆಗಳಲ್ಲಿ ಯಾರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಅಪ್ಪ ಅಮ್ಮ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ ಅಜ್ಜನ ಹತ್ತಿರ ಇರುವವರು ಬಹುಮಟ್ಟಿಗೆ ನೀವೇ. ಆದ್ದರಿಂದಲೇ ಈ ಲೇಖನವನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಟಿ.ವಿ. ಮಾತುಕತೆಗೆ ಬರುವ ವೈದ್ಯರು "ಕುಳಿತು ತೆಗೆದುಕೊಳ್ಳಿ, ನಿಂತುಕೊಂಡು ಬೇಡ" ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದಿನ ಪ್ರಶ್ನೆಗೆ ಹೋಗಬೇಕಾಗುತ್ತದೆ. ಏಕೆ ಎಂದು ಬಿಡಿಸಿ ಹೇಳಲು ಪರದೆಯ ಮೇಲೆ ಸಮಯ ಸಾಲುವುದಿಲ್ಲ. ಈ ಔಷಧದ ಗುಣ, ಅದರ ತೊಂದರೆ, ಅದನ್ನು ಬಳಸುವ ನಿಯಮ ಮೂರೂ ಒಂದೇ ಕಾರಣದಿಂದ ಹುಟ್ಟುತ್ತವೆ. ಆ ಒಂದು ಕಾರಣ ತಿಳಿದರೆ ನಿಯಮಗಳನ್ನು ಉರುಹೊಡೆಯಬೇಕಾಗಿಲ್ಲ.

ಎದೆ ಏಕೆ ನೋಯುತ್ತದೆ?

ಹೃದಯ ಒಂದು ಸ್ನಾಯು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಈ ಸ್ನಾಯುವಿಗೂ ರಕ್ತ ಬೇಕು. ತನ್ನೊಳಗೆ ಹರಿಯುವ ರಕ್ತದಿಂದ ಅದು ನೇರವಾಗಿ ಆಮ್ಲಜನಕ ಹೀರಿಕೊಳ್ಳಲಾರದು. ಹೃದಯದ ಮೈಮೇಲೆ ಹಬ್ಬಿರುವ ಕರೋನರಿ ಅಪಧಮನಿಗಳೇ ಅದಕ್ಕೆ ರಕ್ತ ತಲುಪಿಸಬೇಕು. ವಯಸ್ಸು, ಧೂಮಪಾನ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಕೊಬ್ಬು ಮುಂತಾದ ಕಾರಣಗಳಿಂದ ಈ ಅಪಧಮನಿಗಳ ಒಳಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಸುಮ್ಮನೆ ಕುಳಿತಾಗ ಬರುವ ರಕ್ತವೇ ಸಾಕಾಗುತ್ತದೆ. ಮೆಟ್ಟಿಲು ಹತ್ತಿದಾಗ, ಹೊಟ್ಟೆ ತುಂಬ ಉಂಡು ನಡೆದಾಗ, ಸಿಟ್ಟು ಬಂದಾಗ ಹೃದಯದ ಬೇಡಿಕೆ ಏರುತ್ತದೆ, ಪೂರೈಕೆ ಏರುವುದಿಲ್ಲ. ಆಗ ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ ನೋವು ಬರುತ್ತದೆ. ಕೆಲವರಿಗೆ ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುತ್ತದೆ. ಇದೇ ಹೃದಯಶೂಲೆ, ಅಂದರೆ ಆಂಜೈನಾ.

ಹೃದಯಾಘಾತ ಬೇರೆ. ಅಲ್ಲಿ ಕಿರಿದಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿಯೇ ಮುಚ್ಚಿಹೋಗುತ್ತದೆ. ಆಚೆಗಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಿಡಿಮದ್ದಿನಿಂದ ಬಂದ ಔಷಧ

ನಾಲಿಗೆಯ ಅಡಿಯ ಮಾತ್ರೆಗಳು ನೈಟ್ರೇಟ್ ಗುಂಪಿಗೆ ಸೇರಿದವು. ಇವುಗಳಲ್ಲಿ ಹಳೆಯದು ಗ್ಲಿಸರಿಲ್ ಟ್ರೈನೈಟ್ರೇಟ್. ಅದರ ಇನ್ನೊಂದು ಹೆಸರು ನೈಟ್ರೋಗ್ಲಿಸರಿನ್. ಹೌದು, ಡೈನಮೈಟಿನಲ್ಲಿರುವ ಅದೇ ನೈಟ್ರೋಗ್ಲಿಸರಿನ್! ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದರ ದಾಯಾದಿಯಾದ ಐಸೊಸಾರ್ಬೈಡ್ ಡೈನೈಟ್ರೇಟ್. ಸಾರ್ಬಿಟ್ರೇಟ್ ಎಂಬ ಮಾರಾಟದ ಹೆಸರಿನಿಂದಲೇ ಜನ ಅದನ್ನು ಕೇಳಿ ಪಡೆಯುತ್ತಾರೆ. (ಮಾತ್ರೆ ಜೇಬಿನಲ್ಲಿ ಸಿಡಿಯುತ್ತದೆಯೇ ಎಂದು ಕೇಳುವ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಒಬ್ಬ ಇರುತ್ತಾನೆ. ಇಲ್ಲ. ಒಂದು ಮಾತ್ರೆಯಲ್ಲಿ ಔಷಧ ಇರುವುದು ಕೆಲವೇ ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಉಳಿದುದೆಲ್ಲ ಸಕ್ಕರೆಯಂಥ ನಿರುಪದ್ರವಿ ಪುಡಿ.)

ಇಟಲಿಯ ಟ್ಯೂರಿನ್ ನಗರದ ರಸಾಯನಶಾಸ್ತ್ರಜ್ಞ ಅಸ್ಕಾನಿಯೊ ಸೊಬ್ರೆರೊ 1847ರಲ್ಲಿ ನೈಟ್ರೋಗ್ಲಿಸರಿನ್ ತಯಾರಿಸಿದ. ಆಗಿನ ಕಾಲದ ರೂಢಿಯಂತೆ ತಾನು ಮಾಡಿದ ವಸ್ತುವನ್ನು ಚೂರು ನಾಲಿಗೆಗೆ ತಾಗಿಸಿ ನೋಡಿದ; ತಲೆ ಸಿಡಿಯುವಂಥ ನೋವು ಬಂತು. ಈ ಔಷಧದ ಅತಿ ಸಾಮಾನ್ಯ ಅಡ್ಡ ಪರಿಣಾಮ ಹೀಗೆ ಔಷಧಕ್ಕಿಂತ ಮೂರು ದಶಕ ಮೊದಲೇ ದಾಖಲಾಯಿತು. 1867ರಲ್ಲಿ ಆಲ್ಫ್ರೆಡ್ ನೊಬೆಲ್ ಅದನ್ನು ಪಳಗಿಸಿ ಡೈನಮೈಟ್ ಮಾಡಿದ. ಅದೇ ವರ್ಷ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಲಾಡರ್ ಬ್ರಂಟನ್ ಎಂಬ ಯುವ ವೈದ್ಯ, ಎದೆಶೂಲೆಯ ರೋಗಿಗಳಿಗೆ ಅಮೈಲ್ ನೈಟ್ರೈಟ್ ಎಂಬ ದ್ರವದ ಆವಿಯನ್ನು ಮೂಸಿಸಿದರೆ ನೋವು ಇಳಿಯುತ್ತದೆಂದು ಪ್ರಕಟಿಸಿದ.

ನೈಟ್ರೋಗ್ಲಿಸರಿನ್ನನ್ನು ಹೃದಯಶೂಲೆಗೆ ತಂದವನು ಲಂಡನ್ನಿನ ವೈದ್ಯ ವಿಲಿಯಂ ಮರೆಲ್. ಅದರ ತೆಳು ದ್ರಾವಣದ ಸೀಸೆಯ ಬಿರಡೆಯನ್ನು ನಾಲಿಗೆಗೆ ತಾಗಿಸಿಕೊಂಡು, ಮರೆತು, ರೋಗಿಗಳನ್ನು ನೋಡಲು ಕುಳಿತಿದ್ದನಂತೆ. ಸ್ವಲ್ಪ ಹೊತ್ತಿಗೆ ಅವನ ನಾಡಿ ಎಷ್ಟು ಜೋರಾಗಿ ಬಡಿಯತೊಡಗಿತೆಂದರೆ ಕೈಯಲ್ಲಿದ್ದ ಲೇಖನಿ ಪ್ರತಿ ಬಡಿತಕ್ಕೂ ಕುಣಿಯುತ್ತಿತ್ತು. ಬ್ರಂಟನ್ನನ ಅಮೈಲ್ ನೈಟ್ರೈಟಿನಂತೆಯೇ ಇದೂ ಕೆಲಸ ಮಾಡುತ್ತದೆಂದು ಅವನಿಗೆ ಹೊಳೆಯಿತು. 1879ರಲ್ಲಿ ತನ್ನ ಅನುಭವವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ವಿಧಿಯ ವಿಚಿತ್ರ ನೋಡಿ: 1896ರಲ್ಲಿ, ಬದುಕಿನ ಕೊನೆಯ ತಿಂಗಳುಗಳಲ್ಲಿ, ವೈದ್ಯರು ಹೃದಯದ ತೊಂದರೆಗಾಗಿ ನೊಬೆಲ್‌ಗೇ ನೈಟ್ರೋಗ್ಲಿಸರಿನ್ ಬರೆದುಕೊಟ್ಟರು. ಜನ ಹೆದರದಿರಲೆಂದು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ ಎಂದು ಅವನು ಸ್ನೇಹಿತನಿಗೆ ನಗೆಯಾಡಿ ಕಾಗದ ಬರೆದ.

ಅದು ಹೇಗೆ ಕೆಲಸ ಮಾಡುತ್ತದೆಂಬುದು ನೂರು ವರ್ಷ ಯಾರಿಗೂ ತಿಳಿದಿರಲಿಲ್ಲ. 1977ರಲ್ಲಿ ಫರೀದ್ ಮುರಾದ್ ನೈಟ್ರೇಟುಗಳಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗಿ ರಕ್ತನಾಳದ ಗೋಡೆಯ ಅನೈಚ್ಛಿಕ ಸ್ನಾಯುಗಳನ್ನು ಸಡಿಲಿಸುತ್ತದೆಂದು ತೋರಿಸಿದರು. ನಮ್ಮ ರಕ್ತನಾಳಗಳೇ ಈ ಅನಿಲವನ್ನು ಸದಾ ಸ್ವಲ್ಪ ಸ್ವಲ್ಪ ತಯಾರಿಸುತ್ತಿರುತ್ತವೆ ಎಂಬುದು ಮುಂದೆ ಗೊತ್ತಾಯಿತು. ಈ ಶೋಧಕ್ಕಾಗಿ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ಕೊಟ್ಟ ಬಹುಮಾನ ಯಾವುದು ಬಲ್ಲಿರಾ? ನೊಬೆಲ್ ಬಹುಮಾನವೇ.

ಬ್ಲಾಕ್ ತೆಗೆಯುವ ಮಾತ್ರೆ ಅಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾತ್ರೆ ಇಟ್ಟ ಕೂಡಲೇ ಹೃದಯದ ಬ್ಲಾಕ್ ತೆರೆದುಕೊಳ್ಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಇದು ತಪ್ಪು. ಕರೋನರಿ ಅಪಧಮನಿಗಳು ಸ್ವಲ್ಪ ಹಿಗ್ಗುವುದು ನಿಜ. ಆದರೆ ದೊಡ್ಡ ಉಪಕಾರ ನಡೆಯುವುದು ಹೃದಯದಿಂದ ದೂರದಲ್ಲಿ, ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳಲ್ಲಿ. ಅವು ಸಡಿಲವಾಗಿ ಹಿಗ್ಗಿದಾಗ ಒಂದಷ್ಟು ರಕ್ತ ಅಲ್ಲಿಯೇ ತಂಗುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ತುಂಬಿ ಬಿಗಿದಿದ್ದ ಹೃದಯ ಸ್ವಲ್ಪ ಕುಗ್ಗುತ್ತದೆ, ಅದರ ಶ್ರಮ ಇಳಿಯುತ್ತದೆ, ಆಮ್ಲಜನಕದ ಬೇಡಿಕೆಯೂ ಇಳಿಯುತ್ತದೆ. ಪೂರೈಕೆ ಹೆಚ್ಚಿಸುವುದಕ್ಕಿಂತ ಮುಖ್ಯವಾಗಿ ಬೇಡಿಕೆ ತಗ್ಗಿಸಿ ನೋವು ಕಳೆಯುವ ಉಪಾಯ ಇದು. ಬೆನ್ನ ಮೇಲಿನ ಮೂಟೆಯಿಂದ ಎರಡು ಸೇರು ಅಕ್ಕಿ ಇಳಿಸಿದ ಹಾಗೆ. ಹಮಾಲಿಗೆ ಹಾಯೆನಿಸುತ್ತದೆ, ಆದರೆ ಅವನ ಕಾಲಿನ ಗಾಯ ವಾಸಿಯಾಗಿಲ್ಲ.

1995ರಲ್ಲಿ ಪ್ರಕಟವಾದ ಐ.ಎಸ್.ಐ.ಎಸ್.-4 ಎಂಬ ಅಧ್ಯಯನದಲ್ಲಿ, ಹೃದಯಾಘಾತವಾಗಿದೆಯೆಂದು ಶಂಕಿಸಿದ 58 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಒಂದು ತಿಂಗಳು ನೈಟ್ರೇಟ್ ಮಾತ್ರೆ ಕೊಟ್ಟು ನೋಡಲಾಯಿತು. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಈ ಮಾತ್ರೆ ನೋವಿಗೆ ಒಳ್ಳೆಯ ಮದ್ದು. ಕಾಯಿಲೆಯ ಮೂಲಕ್ಕೆ ಅಲ್ಲ.

ತಲೆನೋವು, ತಲೆಸುತ್ತು

ಔಷಧಕ್ಕೆ ಹೃದಯದ ವಿಳಾಸ ಮಾತ್ರ ಗೊತ್ತಿರುವುದಿಲ್ಲ. ಮೈಯಲ್ಲಿರುವ ರಕ್ತನಾಳಗಳೆಲ್ಲ ಅದರ ಮಾತು ಕೇಳುತ್ತವೆ. ತಲೆಯ ರಕ್ತನಾಳಗಳು ಹಿಗ್ಗಿದರೆ ಕಪಾಳದಲ್ಲಿ ದಬದಬ ಬಡಿದಂತೆ ತಲೆನೋವು. ಮುಖದ ಚರ್ಮದವು ಹಿಗ್ಗಿದರೆ ಮುಖ ಬಿಸಿಯೇರುತ್ತದೆ. ಪಾಶ್ಚಾತ್ಯ ಪುಸ್ತಕಗಳು ಮುಖ ಕೆಂಪಾಗುತ್ತದೆ ಎನ್ನುತ್ತವೆ. ನಮ್ಮ ಬಣ್ಣಕ್ಕೆ ಅದು ಅಷ್ಟಾಗಿ ಕಾಣುವುದಿಲ್ಲ, ರೋಗಿಗೆ ಅನುಭವವಾಗುತ್ತದೆ, ಅಷ್ಟೆ. ಒಟ್ಟು ರಕ್ತದೊತ್ತಡ ಇಳಿಯುವುದರಿಂದ ತಲೆಸುತ್ತು, ಕಣ್ಣು ಕತ್ತಲೆ ಬರುವುದು. ಇಳಿದ ಒತ್ತಡವನ್ನು ಸರಿದೂಗಿಸಲು ಹೃದಯ ವೇಗವಾಗಿ ಬಡಿಯುವುದರಿಂದ ಎದೆ ಡವಗುಟ್ಟುತ್ತದೆ.

ತಲೆನೋವು ಉಪದ್ರವವೇ ಹೊರತು ಅಪಾಯವಲ್ಲ. ದಿನವೂ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ, ಪ್ಯಾರಾಸಿಟಮಾಲ್ ಸಾಕಾಗುತ್ತದೆ. ತಲೆನೋವಿಗೆ ಬೇಸತ್ತು ಹೃದಯದ ಮಾತ್ರೆಯನ್ನೇ ಯಾರಿಗೂ ಹೇಳದೆ ಬಿಟ್ಟುಬಿಡುವವರಿದ್ದಾರೆ. ಅದು ತಪ್ಪು, ಏಕೆಂದರೆ ದಿನವೂ ತೆಗೆದುಕೊಳ್ಳುತ್ತಿದ್ದುದನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಹೆಚ್ಚಾಗಿ ಮರಳಬಹುದು. ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.

ತಲೆಸುತ್ತಿನ ವಿಷಯ ಹಾಗಲ್ಲ. ನಿಂತಿರುವ ಮನುಷ್ಯನ ರಕ್ತ ಮೊದಲೇ ಕಾಲಿನ ಕಡೆ ಎಳೆದುಕೊಂಡಿರುತ್ತದೆ. ಅದೇ ಹೊತ್ತಿನಲ್ಲಿ ಅಭಿಧಮನಿಗಳೂ ಹಿಗ್ಗಿದರೆ ಮೆದುಳಿಗೆ ರಕ್ತ ಸಾಲದೆ ಪ್ರಜ್ಞೆ ತಪ್ಪಬಹುದು. ಆದ್ದರಿಂದಲೇ ಕುಳಿತುಕೊಂಡು ತೆಗೆದುಕೊಳ್ಳಬೇಕು, ನೋವು ಹೋದ ಮೇಲೂ ಸ್ವಲ್ಪ ಹೊತ್ತು ಕುಳಿತಿದ್ದು ನಿಧಾನವಾಗಿ ಏಳಬೇಕು. ಹಾಗಾದರೆ ಮಲಗಿಯೇ ತೆಗೆದುಕೊಳ್ಳಬಾರದೇಕೆ? ಚಪ್ಪಟೆಯಾಗಿ ಮಲಗಿದರೆ ಕಾಲಿನ ರಕ್ತ ಹೃದಯಕ್ಕೆ ಮರಳಿ ಹರಿದು ಅದರ ಭಾರ ಹೆಚ್ಚುತ್ತದೆ. ನಾವು ಇಳಿಸಲು ಹೊರಟದ್ದು ಅದನ್ನೇ. ಕುಳಿತ ಭಂಗಿ ಎರಡರ ನಡುವಿನ ದಾರಿ. ಆದರೆ ಕುಳಿತವರಿಗೂ ತಲೆ ತಿರುಗಿ ಬೀಳುವಂತಾದರೆ ಆಗ ಮಲಗಿಸಿ ಕಾಲುಗಳನ್ನು ದಿಂಬಿನ ಮೇಲೆ ಎತ್ತಿಡಿ. ಅದೇ ಹರಿವು ಈಗ ಮೆದುಳಿಗೆ ಬೇಕು.

ರಾತ್ರಿ ಹೊತ್ತು ನೋವು ಬಂದು, ಯಾರನ್ನೂ ಎಬ್ಬಿಸಬಾರದೆಂದು ಕತ್ತಲಲ್ಲಿ ಮಾತ್ರೆ ಇಟ್ಟುಕೊಂಡು, ಬಚ್ಚಲಮನೆಯತ್ತ ನಡೆದು ಬೀಳುವ ಹಿರಿಯರಿದ್ದಾರೆ. ಹೃದಯ ಉಳಿಯುತ್ತದೆ, ಸೊಂಟದ ಮೂಳೆ ಮುರಿಯುತ್ತದೆ. ಆ ವಯಸ್ಸಿನಲ್ಲಿ ಸೊಂಟ ಮುರಿಯುವುದು ಸಣ್ಣ ಮಾತಲ್ಲ. ಬಿಸಿನೀರಿನ ಸ್ನಾನವೂ ರಕ್ತನಾಳಗಳನ್ನು ಹಿಗ್ಗಿಸುವುದರಿಂದ, ಮಾತ್ರೆ ಇಟ್ಟುಕೊಂಡು ನೇರ ಹಂಡೆಯ ಬಳಿಗೆ ಹೋಗುವುದೂ ಬೇಡ. ಮದ್ಯದ ಪರಿಣಾಮವೂ ಇಂಥದ್ದೇ. "ನನ್ನನ್ನು ಎಬ್ಬಿಸಿ ಅಜ್ಜ" ಎಂದು ನೀವೇ ಮೊದಲು ಹೇಳಿಟ್ಟಿದ್ದರೆ ಅವರ ಸಂಕೋಚ ಹೋಗುತ್ತದೆ.

ನುಂಗಬಾರದೇಕೆ, ಎಂಟಕ್ಕೂ ಮೂರಕ್ಕೂ ಏಕೆ?

ನುಂಗಿದ ಔಷಧ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ನೈಟ್ರೋಗ್ಲಿಸರಿನ್ನಿನ ಬಹುಭಾಗವನ್ನು ಯಕೃತ್ತು ಅಲ್ಲಿಯೇ ಒಡೆದುಹಾಕುತ್ತದೆ. ನಾಲಿಗೆಯ ಅಡಿಯ ತೆಳು ಪೊರೆಯಿಂದಾದರೆ ಅದು ನೇರವಾಗಿ ರಕ್ತಕ್ಕೆ ಸೇರಿ ಒಂದೆರಡು ನಿಮಿಷದಲ್ಲೇ ಕೆಲಸ ಆರಂಭಿಸುತ್ತದೆ. ಡೈನೈಟ್ರೇಟಿಗೆ ಇನ್ನೂ ಕೆಲವು ನಿಮಿಷ ಬೇಕು. ಬಾಯಿ ಒಣಗಿದ್ದರೆ ಮಾತ್ರೆ ಕರಗುವುದಿಲ್ಲ, ಮೊದಲು ಒಂದು ಗುಟುಕು ನೀರು ಕುಡಿಯಬೇಕು.

ನೋವು ಬಾರದಂತೆ ದಿನವೂ ನುಂಗುವ ನೈಟ್ರೇಟುಗಳೂ ಇವೆ. ಐಸೊಸಾರ್ಬೈಡ್ ಮಾನೊನೈಟ್ರೇಟ್ ಯಕೃತ್ತಿನಿಂದ ಪಾರಾಗಿ ಬರುತ್ತದೆ. ಇದರ ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಿ ಕೊಡಬಾರದು. ಅಜ್ಜನ ಚೀಟಿಯಲ್ಲಿ ಇಂಥ ಮಾತ್ರೆ "ಬೆಳಿಗ್ಗೆ 8, ಮಧ್ಯಾಹ್ನ 3" ಎಂದಿದ್ದರೆ, ದಿನಕ್ಕೆರಡು ಅಂದಮೇಲೆ ಹನ್ನೆರಡು ಗಂಟೆಗೊಂದು ಇರಬೇಕಲ್ಲವೇ ಎಂದು ಗಣಿತ ಬಲ್ಲ ನೀವು ತಿದ್ದಲು ಹೋಗಬಹುದು. ದಯವಿಟ್ಟು ತಿದ್ದಬೇಡಿ. ಅದಕ್ಕೊಂದು ಕಥೆಯಿದೆ.

ಸಿಡಿಮದ್ದಿನ ಕಾರ್ಖಾನೆಗಳಲ್ಲಿ ನೈಟ್ರೋಗ್ಲಿಸರಿನ್ ಚರ್ಮದ ಮೂಲಕ, ಉಸಿರಿನ ಮೂಲಕ ಕೆಲಸಗಾರರ ಮೈ ಸೇರುತ್ತಿತ್ತು. ಸೋಮವಾರ ಅವರಿಗೆ ವಿಪರೀತ ತಲೆನೋವು. ವಾರ ಕಳೆದಂತೆ ಮೈ ಒಗ್ಗಿಕೊಂಡು ನೋವು ಮಾಯವಾಗುತ್ತಿತ್ತು. ಭಾನುವಾರದ ರಜೆಯಲ್ಲಿ ಆ ಒಗ್ಗುವಿಕೆ ಕಳೆದು, ಸೋಮವಾರ ಮತ್ತೆ ಮೊದಲಿನಿಂದ! ಇದಕ್ಕೆ "ಸೋಮವಾರದ ತಲೆನೋವು" ಎಂದೇ ಹೆಸರಾಯಿತು. ರಜೆಯಲ್ಲೂ ಒಗ್ಗುವಿಕೆ ಹೋಗದಿರಲೆಂದು ಕೆಲವರು ಟೋಪಿಯ ಪಟ್ಟಿಯಲ್ಲಿ ಸ್ವಲ್ಪ ನೈಟ್ರೋಗ್ಲಿಸರಿನ್ ಸವರಿಕೊಂಡು ಮನೆಗೆ ಹೋಗುತ್ತಿದ್ದರು. ಇನ್ನು ಕೆಲವರಿಗೆ, ಕೆಲಸದಿಂದ ದೂರವಿದ್ದ ರಜೆಯ ದಿನಗಳಲ್ಲೇ ಎದೆನೋವು ಬಂದದ್ದುಂಟು. ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆಂದು ಮೇಲೆ ಹೇಳಿದೆನಲ್ಲ, ಅದೇ.

ತಲೆನೋವಿಗೆ ಮೈ ಒಗ್ಗಿಕೊಂಡರೆ ಸಂತೋಷ. ಆದರೆ ಔಷಧದ ಗುಣಕ್ಕೂ ಹಾಗೆಯೇ ಒಗ್ಗಿಕೊಳ್ಳುತ್ತದೆ. ಇಪ್ಪತ್ನಾಲ್ಕು ಗಂಟೆಯೂ ನೈಟ್ರೇಟ್ ರಕ್ತದಲ್ಲಿದ್ದರೆ ಬಹುಬೇಗ ಅದು ಪರಿಣಾಮ ಕಳೆದುಕೊಳ್ಳುತ್ತದೆ. ಆದ್ದರಿಂದ ದಿನದಲ್ಲಿ ಸುಮಾರು 10ರಿಂದ 14 ಗಂಟೆ, ಹೆಚ್ಚಾಗಿ ರಾತ್ರಿ, ರಕ್ತದಲ್ಲಿ ಅದು ಕಡಿಮೆ ಇರುವಂತೆ ವೈದ್ಯರು ವೇಳೆ ಹೊಂದಿಸುತ್ತಾರೆ. ಎಂಟು ಮತ್ತು ಮೂರರ ಗುಟ್ಟು ಇದು. ಎದೆಗೆ ಅಂಟಿಸುವ ನೈಟ್ರೇಟ್ ಪಟ್ಟಿಯನ್ನು ರಾತ್ರಿ ತೆಗೆಯಲು ಹೇಳುವುದೂ ಇದಕ್ಕಾಗಿಯೇ.

ಯಾವುದರ ಜೊತೆಗೆ ಕೂಡದು

ನಾಚಿಕೆಯಿಂದ ಮುಚ್ಚಿಟ್ಟು ಪ್ರಾಣಕ್ಕೆ ತಂದುಕೊಳ್ಳುವ ಸಂಗತಿ ಒಂದಿದೆ. 1998ರಲ್ಲಿ ಅಮೆರಿಕದಲ್ಲಿ ಮೊದಲು ಬಳಕೆಗೆ ಬಂದ ಸಿಲ್ಡೆನಾಫಿಲ್ (ವಯಾಗ್ರಾ) ಮತ್ತು ಅದೇ ಜಾತಿಯ ಟಾಡಲಾಫಿಲ್ ಪುರುಷರ ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಔಷಧಗಳು. ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿದಾಗ ಹೆಂಗಸರಿಗೂ ಮಕ್ಕಳಿಗೂ ಕೊಡುವುದುಂಟು. ನೈಟ್ರಿಕ್ ಆಕ್ಸೈಡ್ ರಕ್ತನಾಳದಲ್ಲಿ ಹುಟ್ಟಿಸುವ ಸಂಕೇತವನ್ನು ದೇಹ ಸ್ವಲ್ಪ ಹೊತ್ತಿನಲ್ಲಿ ಅಳಿಸಿಹಾಕಬೇಕು. ಈ ಔಷಧಗಳು ಅಳಿಸಲು ಬಿಡುವುದಿಲ್ಲ. ನೈಟ್ರೇಟ್ ನಲ್ಲಿ ತಿರುಗಿಸುತ್ತದೆ, ಇವು ನಲ್ಲಿ ಮುಚ್ಚದಂತೆ ಹಿಡಿಯುತ್ತವೆ. ಎರಡೂ ಸೇರಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಸಾವು ಬರಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆಯೊಳಗೆ, ಟಾಡಲಾಫಿಲ್ ತೆಗೆದುಕೊಂಡ 48 ಗಂಟೆಯೊಳಗೆ ನೈಟ್ರೇಟ್ ಕೊಡಬಾರದು. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ ರೋಗಿಯನ್ನು ಈ ಪ್ರಶ್ನೆ ಕೇಳಿದರೆ ಅದು ಅಧಿಕಪ್ರಸಂಗವಲ್ಲ. ರೋಗಿ ನಿಜ ಹೇಳಬೇಕು.

ನೋವು ಬಂದಾಗ ನೀವು ಹತ್ತಿರವಿದ್ದರೆ

ಕುಳ್ಳಿರಿಸಿ. ಅವರಿಗಾಗಿಯೇ ವೈದ್ಯರು ಬರೆದುಕೊಟ್ಟ ಮಾತ್ರೆ ಒಂದನ್ನು ನಾಲಿಗೆಯ ಕೆಳಗೆ ಇಡಲು ಕೊಡಿ. ಗಡಿಯಾರ ನೋಡಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ, ಅಥವಾ ಹೆಚ್ಚಾದರೆ, ಇನ್ನು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಎರಡನೆಯ ಮಾತ್ರೆ ಕೊಡಬಹುದೇ, ಎಷ್ಟು ಹೊತ್ತಿಗೆ ಎಂಬುದನ್ನು ಅವರ ವೈದ್ಯರು ಮೊದಲೇ ಹೇಳಿರುತ್ತಾರೆ, ಹಾಗೆ ಮಾಡಿ. ಆದರೆ ಫೋನ್ ಮಾಡುವುದನ್ನು ಅದಕ್ಕಾಗಿ ಮುಂದೂಡಬೇಡಿ. ಬೆವರು, ಉಸಿರುಗಟ್ಟುವಿಕೆ, ವಾಂತಿ ಜೊತೆಗಿದ್ದರೆ ಐದು ನಿಮಿಷವೂ ಕಾಯಬೇಕಾಗಿಲ್ಲ. ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದೋ ಆಂಜಿಯೋಪ್ಲಾಸ್ಟಿಯೋ ಬೇಕು. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು ಆ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಗಿದೆ. ಬೆಂಗಳೂರೇ ತಲುಪಬೇಕೆಂದು ದಾರಿಯಲ್ಲಿ ಹೊತ್ತು ಕಳೆಯುವ ಅಗತ್ಯ ಎಲ್ಲರಿಗೂ ಇಲ್ಲ.

ಮಾತ್ರೆಯಿಂದ ನೋವು ಹೋಯಿತೆಂದರೆ ಅದು ಹೃದಯದ್ದೇ ಎಂದಾಗಲಿ, ಹೋಗಲಿಲ್ಲವೆಂದರೆ ಗ್ಯಾಸೇ ಎಂದಾಗಲಿ ತೀರ್ಮಾನಿಸಬೇಡಿ. ಅನ್ನನಾಳದ ಸ್ನಾಯು ಬಿಗಿದು ಬರುವ ನೋವೂ ನೈಟ್ರೇಟಿಗೆ ಸಡಿಲವಾಗುತ್ತದೆ. ನಿಜವಾದ ಹೃದಯಾಘಾತ ಸಡಿಲವಾಗದೆ ಉಳಿಯಬಹುದು.

ಪಕ್ಕದ ಮನೆಯವರಿಗೆ ಎದೆನೋವು ಎಂದಾಗ ನಿಮ್ಮ ಅಜ್ಜನ ಮಾತ್ರೆ ಕೊಂಡೊಯ್ಯುವುದು ಉಪಕಾರವೆನಿಸುತ್ತದೆ. ಅವರ ರಕ್ತದೊತ್ತಡ ಎಷ್ಟಿದೆ, ಬೇರೆ ಯಾವ ಮಾತ್ರೆ ನುಂಗಿದ್ದಾರೆ ನಿಮಗೆ ಗೊತ್ತಿಲ್ಲ. ಹೃದಯದ ಬಲಭಾಗಕ್ಕೆ ಆಘಾತವಾಗಿದ್ದರೆ ಆ ಹೃದಯ ಮರಳಿ ಬರುವ ರಕ್ತವನ್ನೇ ನೆಚ್ಚಿಕೊಂಡಿರುತ್ತದೆ. ನೈಟ್ರೇಟ್ ಅದನ್ನೇ ತಡೆಯುತ್ತದೆ. ಮಹಾಪಧಮನಿಯ ಕವಾಟ ತೀರ ಕಿರಿದಾದವರಲ್ಲೂ ಇದೇ ಕಷ್ಟ. ನೆರೆಯವರಿಗೆ ನೀವು ಮಾಡಬಹುದಾದ ಉಪಕಾರ ಆಂಬುಲೆನ್ಸ್ ಕರೆಸುವುದು, ಜೊತೆಗಿರುವುದು.

ಇನ್ನೊಂದು ಕೆಲಸ ಇವತ್ತೇ ಆಗುವಂಥದ್ದು. ಅಜ್ಜನ ಮಾತ್ರೆ ಎಲ್ಲಿದೆ ನೋಡಿ. ಗ್ಲಿಸರಿಲ್ ಟ್ರೈನೈಟ್ರೇಟ್ ತಾನಾಗಿಯೇ ಆವಿಯಾಗುವ ವಸ್ತು. ಬಿಸಿಲು, ಶಾಖ, ತೇವ ಅದಕ್ಕೆ ಆಗದು; ಹತ್ತಿಯೂ ಪ್ಲಾಸ್ಟಿಕ್ಕೂ ಅದನ್ನು ಹೀರಿಬಿಡುತ್ತವೆ. ಅದನ್ನು ಬಂದ ಕಂದು ಗಾಜಿನ ಸೀಸೆಯಲ್ಲೇ ಮುಚ್ಚಳ ಬಿಗಿದು ಇಡಬೇಕು. ಬ್ರಿಟನ್ನಿನ ಪದ್ಧತಿಯಂತೆ ಸೀಸೆ ತೆರೆದು ಎಂಟು ವಾರವಾದರೆ ಎಸೆಯುತ್ತಾರೆ. ಡೈನೈಟ್ರೇಟ್ ಪಟ್ಟಿಗಳು ಹೆಚ್ಚು ಬಾಳುತ್ತವೆ, ಆದರೂ ಕತ್ತರಿಸಿ ಕತ್ತರಿಸಿ ದಿನಾಂಕದ ಭಾಗವೇ ಹಾರಿಹೋದ ತುಂಡು ಅಂಗಿಯ ಜೇಬಿನಲ್ಲಿ ಒಗೆತ ಕಂಡಿರುತ್ತದೆ. ಅದನ್ನು ತೆಗೆದು ಹೊಸದು ತರಿಸಿ, ಒಂದನ್ನು ಅಜ್ಜನ ಜೇಬಿನಲ್ಲಿ, ಇನ್ನೊಂದನ್ನು ಹಾಸಿಗೆಯ ಪಕ್ಕದಲ್ಲಿ, ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಿ. ಮೇಲೆ ತೆರೆದ ದಿನಾಂಕವನ್ನು ನಿಮ್ಮ ಕೈಯಲ್ಲೇ ಬರೆಯಿರಿ.